ವಿಮಾನ ನಿಲ್ದಾಣ ದೊಡ್ಡದಾದರೆ ಹಳ್ಳದ ನೀರು ಕೆಡುತ್ತದೆಯೇ? ಕೋರ್ಟ್ ಕೇಸುಗಳ ಹಿಂದಿನ ನಿಜಾಂಶ

ವಿಮಾನ ನಿಲ್ದಾಣದ ವಿಸ್ತರಣೆ ವಿರುದ್ಧ ಯಾರಾದರೂ ಕೋರ್ಟಿಗೆ ಹೋದರೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು, ‘ವಿಮಾನ ಹಾರೋದು ಆಕಾಶದಲ್ಲಿ, ನೀರಿಗೇನು ತೊಂದರೆ? ಇದೆಲ್ಲ ಅಭಿವೃದ್ಧಿಗೆ ಅಡ್ಡಗಾಲು’ ಎನ್ನುವುದು. ಇನ್ನೊಂದು, ‘ರನ್‌ವೇ ಬಂದರೆ ಊರಿನ ನೀರೆಲ್ಲ ವಿಷ’ ಎನ್ನುವುದು. ಎರಡೂ ಪೂರ್ತಿ ಸರಿಯಲ್ಲ.

ಚುಟುಕಾಗಿ ಹೇಳುವುದಾದರೆ: ವಿಮಾನ ನಿಲ್ದಾಣದಿಂದ ನೀರಿಗೆ ಅಪಾಯ ಇರುವುದು ನಿಜ. ಅದರಲ್ಲಿ ಬಹುಪಾಲನ್ನು ತಡೆಯುವ ದಾರಿಗಳೂ ಇವೆ. ಆ ದಾರಿಗಳನ್ನು ಯೋಜನೆಯಲ್ಲಿ ನಿಜವಾಗಿಯೂ ಸೇರಿಸಿದ್ದಾರೆಯೇ ಎಂಬುದೇ ಇಂಥ ಕೇಸುಗಳಲ್ಲಿ ಮುಖ್ಯ ಪ್ರಶ್ನೆ.

ನೀರಿಗೆ ತೊಂದರೆ ಎಲ್ಲಿಂದ ಬರುತ್ತದೆ?

ಮೊದಲನೆಯದು ಕಾಂಕ್ರೀಟ್. 2.6 ಕಿ.ಮೀ. ಉದ್ದ, 45 ಮೀಟರ್ ಅಗಲದ ಒಂದು ರನ್‌ವೇ ಸುಮಾರು 12 ಹೆಕ್ಟೇರ್ ನೆಲವನ್ನು ಮುಚ್ಚುತ್ತದೆ. ಅದರ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಹೆಚ್ಚುಕಡಿಮೆ 60 ಲಕ್ಷ ಲೀಟರ್ ನೀರಾಗುತ್ತದೆ. ಅಂದರೆ 6,000 ಲೀಟರಿನ ಸಾವಿರ ಟ್ಯಾಂಕರ್! ಮೊದಲು ನೆಲಕ್ಕೆ ಇಂಗುತ್ತಿದ್ದ ಈ ನೀರು ಈಗ ಒಮ್ಮೆಲೇ ಚರಂಡಿಗೆ ನುಗ್ಗುತ್ತದೆ. ಮಳೆಗಾಲದಲ್ಲಿ ಹಳ್ಳ ಉಕ್ಕುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ.

ಎರಡನೆಯದು ಆ ನೀರಿನ ಜೊತೆ ಹೋಗುವ ವಸ್ತುಗಳು: ಚೆಲ್ಲಿದ ಇಂಧನ, ಎಣ್ಣೆ, ತಾಮ್ರ ಮತ್ತು ಸತುವಿನ ಕಣಗಳು. ಚಳಿ ದೇಶಗಳಲ್ಲಿ ವಿಮಾನದ ಮೇಲಿನ ಹಿಮ ಕರಗಿಸಲು ಗ್ಲೈಕಾಲ್ ದ್ರಾವಣ ಸಿಂಪಡಿಸುತ್ತಾರೆ. ಅದು ಹಳ್ಳಕ್ಕೆ ಸೇರಿದರೆ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುವಾಗ ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಮೀನಿಗೆ ಉಸಿರು ಕಟ್ಟುತ್ತದೆ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಈ ಸಮಸ್ಯೆ ಇಲ್ಲ.

ಮೂರನೆಯದು ಬೆಂಕಿ ಆರಿಸುವ ನೊರೆ. ಇಂಧನದ ಬೆಂಕಿಗೆ ದಶಕಗಳಿಂದ ಬಳಸಿದ ನೊರೆಯಲ್ಲಿ ಪಿಎಫ್‌ಎಎಸ್ ಎಂಬ ಗುಂಪಿನ ರಾಸಾಯನಿಕಗಳಿವೆ. ಇವು ಪರಿಸರದಲ್ಲಿ ಸುಲಭವಾಗಿ ಕರಗಿ ಹೋಗುವುದಿಲ್ಲ, ಅಂತರ್ಜಲಕ್ಕೂ ಇಳಿಯುತ್ತವೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2024ರಲ್ಲಿ ಈ ಗುಂಪಿನ ಎರಡು ಮುಖ್ಯ ರಾಸಾಯನಿಕಗಳಿಗೆ ಕುಡಿಯುವ ನೀರಿನಲ್ಲಿ ಹಾಕಿದ ಮಿತಿ ಲಕ್ಷ ಕೋಟಿಗೆ ಕೇವಲ 4 ಭಾಗ.

ನಾಲ್ಕನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ರನ್‌ವೇಗೆ ಸಮತಟ್ಟು ಜಾಗ ಬೇಕು. ತಗ್ಗು ಇದ್ದರೆ ಹೊರಗಿನಿಂದ ಮಣ್ಣು ತಂದು ತುಂಬಬೇಕು. ಆ ಮಣ್ಣು ಎಲ್ಲಿಯದು? ಅದರಲ್ಲಿ ಏನಿದೆ? ಅಮೆರಿಕದ ಒಂದು ದೊಡ್ಡ ಕೇಸಿನಲ್ಲಿ ಇದೇ ಮುಖ್ಯ ವಿವಾದವಾಯಿತು.

ಸಿಯಾಟಲ್‌ನ ಮೂರನೇ ರನ್‌ವೇ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್-ಟಕೋಮಾ ವಿಮಾನ ನಿಲ್ದಾಣದಲ್ಲಿ ಎರಡು ರನ್‌ವೇಗಳು ತೀರಾ ಹತ್ತಿರ ಇದ್ದವು. ಮೋಡ, ಮಂಜು ಕವಿದಾಗ ಎರಡರಲ್ಲೂ ಒಟ್ಟಿಗೆ ವಿಮಾನ ಇಳಿಸಲು ಆಗುತ್ತಿರಲಿಲ್ಲ. ಹಾಗಾಗಿ 8,500 ಅಡಿಯ ಮೂರನೇ ರನ್‌ವೇ ಕಟ್ಟಲು ನಿಲ್ದಾಣ ನಡೆಸುವ ಸಾರ್ವಜನಿಕ ಸಂಸ್ಥೆ ಪೋರ್ಟ್ ಆಫ್ ಸಿಯಾಟಲ್ ಹೊರಟಿತು.

ಜಾಗ ಇಳಿಜಾರಿನದು. ಒಂದು ಕೋಟಿ ಘನ ಮೀಟರಿಗೂ ಹೆಚ್ಚು ಮಣ್ಣು ತುಂಬಬೇಕಿತ್ತು. ಹತ್ತಾರು ಎಕರೆ ಜೌಗು ನೆಲ ಅದರಡಿ ಮುಚ್ಚಿಹೋಗುತ್ತಿತ್ತು. ಪಕ್ಕದ ಮಿಲ್ಲರ್, ವಾಕರ್ ಮತ್ತು ಡಿ ಮೋಯ್ನ್ ಎಂಬ ಮೂರು ತೊರೆಗಳು ಪ್ಯೂಜೆಟ್ ಸೌಂಡ್ ಎಂಬ ಕಡಲ ಕೊಲ್ಲಿಯನ್ನು ಸೇರುತ್ತವೆ. ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಇಂಥ ತೊರೆಗಳಿಗೇ ಬರುತ್ತವೆ.

ಅಮೆರಿಕದ 1972ರ ಶುದ್ಧ ನೀರು ಕಾಯ್ದೆಯ ಪ್ರಕಾರ ಜೌಗು ನೆಲ ತುಂಬಲು ಕೇಂದ್ರದ ಪರ್ಮಿಟ್ ಬೇಕು. ಅದಕ್ಕೂ ಮೊದಲು ‘ಈ ಕೆಲಸದಿಂದ ನಮ್ಮ ನೀರಿನ ಗುಣಮಟ್ಟದ ನಿಯಮ ಮುರಿಯುವುದಿಲ್ಲ’ ಎಂದು ರಾಜ್ಯ ಸರ್ಕಾರ ದೃಢೀಕರಿಸಬೇಕು. ರಾಜ್ಯದ ಪರಿಸರ ಇಲಾಖೆ 2001ರಲ್ಲಿ ಷರತ್ತುಗಳೊಂದಿಗೆ ಈ ದೃಢೀಕರಣ ಕೊಟ್ಟಿತು. ಸುತ್ತಲಿನ ಊರುಗಳ ಆಡಳಿತಗಳು ಸೇರಿ ಕಟ್ಟಿದ್ದ ಒಕ್ಕೂಟ ಮತ್ತು ಒಂದು ನಾಗರಿಕ ಸಂಘಟನೆ ಅದನ್ನು ರಾಜ್ಯದ ಮಾಲಿನ್ಯ ಮೇಲ್ಮನವಿ ಮಂಡಳಿಯಲ್ಲಿ ಪ್ರಶ್ನಿಸಿದವು.

ಕೊನೆಗೆ ಗೆದ್ದವರು ಯಾರು?

2002ರ ಆಗಸ್ಟ್‌ನಲ್ಲಿ ಮಂಡಳಿ ಆದೇಶ ಕೊಟ್ಟಿತು. ದೃಢೀಕರಣವನ್ನು ರದ್ದು ಮಾಡಲಿಲ್ಲ. ಆದರೆ ಇಲಾಖೆಯ ಷರತ್ತುಗಳು ಸಾಲವು ಎಂದು ಹೇಳಿ, ತುಂಬುವ ಮಣ್ಣಿನ ಗುಣಮಟ್ಟ ಸೇರಿದಂತೆ 16 ಷರತ್ತುಗಳನ್ನು ಸೇರಿಸಿತು. 2004ರ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಈ ಆದೇಶವನ್ನು ಭಾಗಶಃ ಎತ್ತಿಹಿಡಿದು, ಭಾಗಶಃ ತಳ್ಳಿಹಾಕಿತು. ದೃಢೀಕರಣ ಉಳಿಯಿತು.

ಈ ಕೇಸಿನ ತಿರುಳು ‘ಸಮಂಜಸ ಭರವಸೆ’ ಎಂಬ ಮಾತಿನಲ್ಲಿದೆ. ನೀರು ಕೆಡುವುದೇ ಇಲ್ಲ ಎಂದು ನೂರಕ್ಕೆ ನೂರು ಸಾಬೀತು ಮಾಡಬೇಕೆಂದು ಕಾನೂನು ಕೇಳುವುದಿಲ್ಲ. ಹಾಗೆಂದು ‘ಮುಂದೆ ನೋಡಿಕೊಳ್ಳೋಣ’ ಎಂಬ ಮಾತೂ ಸಾಲದು. ನಿಯಮ ಪಾಲನೆಯಾಗುತ್ತದೆ ಎಂದು ನಂಬಲು ಗಟ್ಟಿ ಆಧಾರ ಬೇಕು.

ಇನ್ನೊಂದು ಪಾಠವೂ ಇದೆ. ರಾಜ್ಯ ತನ್ನ ನಿರ್ಧಾರ ತಿಳಿಸಲು ಆ ಕಾಯ್ದೆಯಲ್ಲಿ ಒಂದು ವರ್ಷದ ಗಡುವಿದೆ. ಅದು ಮುಗಿದ ಮೇಲೆ ಸೇರಿಸಿದ ಷರತ್ತುಗಳನ್ನು ತನ್ನ ಪರ್ಮಿಟ್‌ನಲ್ಲಿ ಹಾಕಲೇಬೇಕೆಂಬ ಕಡ್ಡಾಯ ಕೇಂದ್ರದ ಸಂಸ್ಥೆಗೆ ಇಲ್ಲ ಎಂದು ಫೆಡರಲ್ ಕೋರ್ಟ್ 2003ರಲ್ಲಿ ಹೇಳಿತು. ತಡವಾಗಿ ಎತ್ತಿದ ಪ್ರಶ್ನೆ ಸರಿಯಾಗಿದ್ದರೂ ಅದರ ಬಲ ಕುಗ್ಗಬಹುದು.

ರನ್‌ವೇ 2008ರ ನವೆಂಬರ್‌ನಲ್ಲಿ ಶುರುವಾಯಿತು. ಅಂದರೆ ಕೇಸು ಯೋಜನೆಯನ್ನು ನಿಲ್ಲಿಸಲಿಲ್ಲ. ವ್ಯರ್ಥವೂ ಆಗಲಿಲ್ಲ.

ಭಾರತದಲ್ಲಿ ಇಂಥದ್ದು ಆಗಿದೆಯೇ?

ಇದನ್ನೇ ಹೋಲುವ ಪ್ರಕರಣ ನಮ್ಮ ಪಕ್ಕದ ಗೋವಾದ ಮೋಪಾದ್ದು. ಅದು ವಿಸ್ತರಣೆಯಲ್ಲ, ಹೊಸ ನಿಲ್ದಾಣ. ವಿವಾದವೂ ನೀರಿಗಷ್ಟೇ ಸೀಮಿತವಾಗಿರಲಿಲ್ಲ, ಇಡೀ ಪರಿಸರ ಪರಿಶೀಲನೆಯ ಬಗ್ಗೆ ಇತ್ತು. 2015ರಲ್ಲಿ ಸಿಕ್ಕ ಪರಿಸರ ಅನುಮತಿಯನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್ 29ರಂದು ತಡೆಹಿಡಿಯಿತು. ಅರ್ಜಿಯಲ್ಲಿ ಸುತ್ತಲಿನ ಪರಿಸರದ ಮುಖ್ಯ ವಿವರಗಳನ್ನು ಸರಿಯಾಗಿ ಬಹಿರಂಗಪಡಿಸಿಲ್ಲ, ತಜ್ಞರ ಸಮಿತಿಯೂ ಸರಿಯಾಗಿ ಪರಿಶೀಲಿಸಿಲ್ಲ ಎಂಬುದು ಕಾರಣ. ಮರುಪರಿಶೀಲನೆಯ ನಂತರ, 2020ರ ಜನವರಿಯಲ್ಲಿ ಹೆಚ್ಚುವರಿ ಷರತ್ತುಗಳೊಂದಿಗೆ ತಡೆ ತೆರವಾಯಿತು. ಷರತ್ತು ಪಾಲನೆಯ ಮೇಲ್ವಿಚಾರಣೆಯನ್ನು ನೀರಿ ಸಂಸ್ಥೆಗೆ ವಹಿಸಲಾಯಿತು. 2023ರ ಜನವರಿಯಲ್ಲಿ ಅಲ್ಲಿಂದ ವಿಮಾನ ಹಾರಾಟ ಆರಂಭವಾಯಿತು.

ನಮ್ಮೂರಿನ ಪಕ್ಕ ವಿಸ್ತರಣೆ ಬಂದರೆ?

ಪ್ರಶ್ನೆ ಕೇಳಲು ನಮ್ಮಲ್ಲೂ ಕಾನೂನಿನ ದಾರಿ ಇದೆ.

- 2006ರ ಇಐಎ ಅಧಿಸೂಚನೆಯಡಿ ವಾಣಿಜ್ಯ ವಿಮಾನ ನಿಲ್ದಾಣಗಳು ಪರಿಸರ ಅನುಮತಿಯ ವ್ಯಾಪ್ತಿಗೆ ಬರುತ್ತವೆ. ಅರ್ಜಿ, ಅನುಮತಿ ಪತ್ರಗಳನ್ನು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕಬಹುದು.
- ಸಾರ್ವಜನಿಕ ಅಹವಾಲು ಸಭೆ ನಡೆಸುವುದಾದರೆ ಕನಿಷ್ಠ 30 ದಿನ ಮೊದಲೇ ಪ್ರಕಟಣೆ ಕೊಡಬೇಕು. ನಮ್ಮ ರಾಜ್ಯದಲ್ಲಿ ಸಭೆ ಏರ್ಪಡಿಸುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ.
- ಅನುಮತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಲು 30 ದಿನಗಳ ಕಾಲಾವಕಾಶವಿದೆ. ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ ಸಿಗಬಹುದು, ಅದಕ್ಕಿಂತ ಹೆಚ್ಚಿಲ್ಲ. ಕರ್ನಾಟಕ ಬರುವುದು ಚೆನ್ನೈ ಪೀಠದ ವ್ಯಾಪ್ತಿಗೆ.

ವರದಿ ಕೈಗೆ ಸಿಕ್ಕರೆ ಇಷ್ಟನ್ನು ನೋಡಿ: ಮಳೆನೀರು ಯಾವ ಹಳ್ಳ, ಯಾವ ಕೆರೆಗೆ ಹೋಗುತ್ತದೆ? ಬಿಡುವ ಮೊದಲು ಎಲ್ಲಿ ನಿಲ್ಲಿಸಿ ಶುದ್ಧ ಮಾಡುತ್ತಾರೆ? ತುಂಬುವ ಮಣ್ಣು ಎಲ್ಲಿಂದ ಬರುತ್ತದೆ, ಪರೀಕ್ಷೆ ಮಾಡುವವರು ಯಾರು? ಅಗ್ನಿಶಾಮಕ ತರಬೇತಿಗೆ ಯಾವ ನೊರೆ ಬಳಸುತ್ತಾರೆ? ಕೆಲಸ ಶುರುವಾಗುವ ಮೊದಲು ಸುತ್ತಲಿನ ಬಾವಿ, ಬೋರ್‌ವೆಲ್ ನೀರಿನ ಪರೀಕ್ಷೆ ಆಗಿದೆಯೇ? ಕೊನೆಯದು ಬಹಳ ಮುಖ್ಯ. ಮೊದಲು ನೀರು ಹೇಗಿತ್ತು ಎಂಬ ದಾಖಲೆ ಇಲ್ಲದಿದ್ದರೆ, ಆಮೇಲೆ ಕೆಟ್ಟಿತೆಂದು ತೋರಿಸುವುದು ಕಷ್ಟ.

ಹಂಚುವ ಮೊದಲು

‘ವಿಮಾನ ನಿಲ್ದಾಣಕ್ಕೂ ನೀರಿಗೂ ಸಂಬಂಧವಿಲ್ಲ’: ತಪ್ಪು.

‘ವಿಸ್ತರಣೆಯಾದರೆ ನೀರು ವಿಷವಾಗುವುದು ಖಚಿತ’: ತಪ್ಪು. ವಿನ್ಯಾಸ, ಶುದ್ಧೀಕರಣ ಮತ್ತು ನಿಗಾ ಹೇಗಿವೆ ಎಂಬುದರ ಮೇಲೆ ಅದು ನಿಂತಿದೆ.

‘ಕೋರ್ಟಿಗೆ ಹೋಗುವವರು ಅಭಿವೃದ್ಧಿ ವಿರೋಧಿಗಳು’: ಇದು ಅಭಿಪ್ರಾಯ, ಸತ್ಯಾಂಶವಲ್ಲ. ಸಿಯಾಟಲ್, ಮೋಪಾ ಎರಡೂ ಕಡೆ ಕೇಸು ನಡೆಯಿತು, ವಿಮಾನವೂ ಹಾರಿತು. ನಡುವೆ ಸೇರಿದ್ದು ಮೊದಲ ಅನುಮತಿಯಲ್ಲಿ ಇಲ್ಲದಿದ್ದ ಷರತ್ತುಗಳು.