ಸೈಕಲ್ಲಿಗೆ ವಿಮೆ: ತಾತನ ಕಾಲದಿಂದ ಇಲ್ಲಿಯವರೆಗೆ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನಾನೂ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಸಮಿತಿಯವರು ಒತ್ತಾಯ ಮಾಡಿದರು. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ. ದೊಡ್ಡ ಚರಿತ್ರೆ ಬರೆಯುವ ಶಕ್ತಿ ನನಗಿಲ್ಲ. ಆದರೆ ಹಾಲಿನ ಕ್ಯಾನು ಹೊತ್ತ ಸೈಕಲ್ಲಿನ ಚರಿತ್ರೆ ಸ್ವಲ್ಪ ಗೊತ್ತು. ಮೊನ್ನೆ ಕಾಲೇಜಿಗೆ ಹೋಗುವ ನನ್ನ ತಮ್ಮನ ಮಗ ಹದಿನಾಲ್ಕು ಸಾವಿರ ಕೊಟ್ಟು ಗೇರ್ ಸೈಕಲ್ ತಂದ. "ದೊಡ್ಡಪ್ಪ, ವರ್ಷಕ್ಕೆ ಏಳುನೂರು ಅಂತೆ, ಇನ್ಷೂರೆನ್ಸ್ ಮಾಡಿಸ್ಲಾ?" ಅಂತ ಕೇಳಿದ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ನಮ್ಮ ತಾತನ ಕಾಲದಲ್ಲಿ ಊರಿಗೆಲ್ಲ ಒಂದೋ ಎರಡೋ ಸೈಕಲ್. ಇಂಗ್ಲೆಂಡಿನ ರ‍್ಯಾಲಿ ಸೈಕಲ್ ಇದ್ದವನೆಂದರೆ ಸಾಹುಕಾರನೇ ಸರಿ. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಶುರುವಾದವು. ಆಮೇಲೆ ನಿಧಾನವಾಗಿ ಸೈಕಲ್ ನಮ್ಮಂಥವರ ಕೈಗೂ ಎಟುಕಿತು. ಆಗ ಪುರಸಭೆ, ಪಂಚಾಯ್ತಿಗೆ ತೆರಿಗೆ ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ಹೊಡೆದರೆ ಪೊಲೀಸರು ಹಿಡಿಯುತ್ತಿದ್ದರು. ಇಷ್ಟೆಲ್ಲ ಕಟ್ಟುಪಾಡಿದ್ದರೂ ಸೈಕಲ್ಲಿಗೆ ವಿಮೆ ಕಡ್ಡಾಯವಾಗಲಿಲ್ಲ. 1939ರ ಮೋಟಾರು ವಾಹನ ಕಾಯ್ದೆಯ ವಿಮೆಯ ಭಾಗ 1946ರಲ್ಲಿ ಜಾರಿಗೆ ಬಂತು, ಅದು ಮೋಟಾರು ಗಾಡಿಗೆ ಮಾತ್ರ. 1988ರ ಕಾಯ್ದೆಯಲ್ಲೂ ಹಾಗೇ. 1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಯಿತು. ಆ ಸರ್ಕಾರಿ ಕಂಪನಿಗಳು ಮನೆ ಸಾಮಾನಿನ ವಿಮೆಯ ಜೊತೆಗೆ ಸೈಕಲ್ಲನ್ನೂ ಸೇರಿಸಿಕೊಳ್ಳುತ್ತಿದ್ದವು. ಆದರೆ ನಮ್ಮೂರಲ್ಲಿ ಅದನ್ನು ಮಾಡಿಸಿದವರನ್ನು ನಾನು ಕಾಣೆ. ಹಸುವಿಗೆ ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸಿದೆವು, ಸೈಕಲ್ಲಿಗಿಲ್ಲ.

ಲೆಕ್ಕ ಹಾಕಿ ನೋಡಿ. ಹದಿನಾಲ್ಕು ಸಾವಿರಕ್ಕೆ ಏಳುನೂರು ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಇಪ್ಪತ್ತು ಸೈಕಲ್ಲಿನಲ್ಲಿ ವರ್ಷಕ್ಕೊಂದು ಕಳುವಾದರೆ ಕಟ್ಟಿದ ದುಡ್ಡಿಗೆ ಸಮ. ನಮ್ಮೂರಲ್ಲಿ ಅಷ್ಟು ಕಳ್ಳರಿಲ್ಲ, ಇರುವವರಿಗೆ ಕೋಳಿಯೇ ಸಾಕು. ಅಲ್ಲದೆ ಸೈಕಲ್ ಹಳೆಯದಾದಂತೆ ಸಿಗುವ ಹಣ ಇಳಿಯುತ್ತದೆ. ಕಳುವಾದರೆ ಪೊಲೀಸ್ ದೂರು, ಕೊಂಡ ರಸೀದಿ ಎಲ್ಲ ತೋರಿಸಬೇಕು. ಬೆಂಗಳೂರಿನಲ್ಲಿ ಐವತ್ತು ಸಾವಿರದ ಸೈಕಲ್ಲನ್ನು ದಿನಾ ರೈಲ್ವೆ ಸ್ಟೇಷನ್ ಮುಂದೆ ಬಿಟ್ಟು ಹೋಗುವವನ ಮಾತು ಬೇರೆ, ಅವನು ಮಾಡಿಸಲಿ.

ಇನ್ನೊಂದು ವಿಷಯ ಹೇಳಲೇಬೇಕು. 1996ರಲ್ಲಿ ನಮ್ಮೂರಿಗೆ ಡೈರಿ ಬಂದಿರಲಿಲ್ಲ. ಅಪ್ಪ ಬೆಳಗಿನ ಜಾವ ಐದು ಮೈಲಿ ಸೈಕಲ್ ತುಳಿದು ಪಟ್ಟಣದ ಹೋಟೆಲಿಗೆ ಹಾಲು ಹಾಕುತ್ತಿದ್ದರು. ಒಂದು ದಿನ ಹಿಂದಿನಿಂದ ಲಾರಿ ಗುದ್ದಿ ನಿಲ್ಲಿಸದೆ ಹೋಯಿತು. ಕತ್ತಲಲ್ಲಿ ನಂಬರ್ ಯಾರೂ ನೋಡಲಿಲ್ಲ. ಸೈಕಲ್ಲಿನ ರಿಮ್ಮು, ಫೋರ್ಕು ಸರಿ ಮಾಡಿಸಲು ಮುನ್ನೂರು ರೂಪಾಯಿ ಹಿಡಿಯಿತು. ಅಪ್ಪನ ಕಾಲಿಗೆ ಹಿಡಿದದ್ದು ಎರಡು ಹಸು. ಎರಡನ್ನೂ ಮಾರಿದೆವು. ನಾನು ಓದು ಬಿಟ್ಟಿದ್ದು ಆ ವರ್ಷವೇ. ಸೈಕಲ್ಲಿಗೆ ವಿಮೆ ಇದ್ದಿದ್ದರೆ ಆ ಮುನ್ನೂರು ಬರುತ್ತಿತ್ತೇನೋ, ಅಷ್ಟೇ.

ಆಗ ನಮಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಗುದ್ದಿ ಓಡಿಹೋದ ಗಾಡಿಯ ಗುರುತು ಸಿಗದಿದ್ದರೂ 1988ರ ಕಾಯ್ದೆಯ ಪ್ರಕಾರ ಪರಿಹಾರವಿದೆ. 1994ರ ತಿದ್ದುಪಡಿಯ ನಂತರ ತೀವ್ರ ಗಾಯವಾದವರಿಗೆ 12,500 ರೂಪಾಯಿ, ಸತ್ತರೆ 25,000 ಇತ್ತು. ಕೇಳಿದ್ದರೆ ಅಪ್ಪನಿಗೆ ಬರಬಹುದಿತ್ತು. ಆಸ್ಪತ್ರೆಯಲ್ಲಾಗಲಿ, ಠಾಣೆಯಲ್ಲಾಗಲಿ ಒಬ್ಬರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. 2022ರ ಏಪ್ರಿಲ್ 1ರಿಂದ ಅದು ಗಾಯಕ್ಕೆ 50,000, ಸಾವಿಗೆ 2 ಲಕ್ಷ ಆಗಿದೆ. ಸೈಕಲ್ ತುಳಿಯುವವರಿಗೂ, ನಡೆದು ಹೋಗುವವರಿಗೂ ಇದು ಉಂಟು. ಠಾಣೆಯಲ್ಲಿ ದೂರು ಬರೆಸಿ, ಕಂದಾಯ ಅಧಿಕಾರಿಗಳ ಮೂಲಕ ಅರ್ಜಿ ಹಾಕಬೇಕು.

ತಮ್ಮನ ಮಗನಿಗೆ ಹೇಳಿದೆ: "ಸೈಕಲ್ಲಿಗೆ ಬೇಡ ಕಣಪ್ಪ, ನಿನಗೆ ಮಾಡಿಸು." 2015ರಲ್ಲಿ 12 ರೂಪಾಯಿಗೆ ಶುರುವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 2022ರಿಂದ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದಲ್ಲಿ ಸಾವು ಅಥವಾ ಪೂರ್ತಿ ಅಂಗವಿಕಲತೆಯಾದರೆ 2 ಲಕ್ಷ. ಮುರಿದ ಕಾಲು ಕೂಡಿಕೊಂಡರೆ ಏನೂ ಬರದು, ಅದೂ ತಿಳಿದಿರಲಿ. ಉಳಿದ ದುಡ್ಡಿನಲ್ಲಿ ಅವನ ಸೈಕಲ್ಲಿಗೆ ಒಂದು ಗಟ್ಟಿ ಬೀಗ, ಹಿಂದೆ ಕೆಂಪು ದೀಪ ಹಾಕಿಸಿದ್ದೇವೆ. ಸುರಕ್ಷಾ ವಿಮೆಯ ವರ್ಷ ಮೇ 31ಕ್ಕೆ ಮುಗಿಯುತ್ತದೆ. ಸದಸ್ಯರು ಆ ಹೊತ್ತಿಗೆ ಬ್ಯಾಂಕಿನ ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇಟ್ಟಿರಬೇಕು. ಫಾರಂ ತುಂಬಲು ಬಾರದಿದ್ದರೆ ಸಂಜೆ ಹಾಲು ಹಾಕುವ ಹೊತ್ತಿಗೆ ಪಾಸ್‌ಬುಕ್ ತನ್ನಿ, ನಾನು ಡೈರಿಯಲ್ಲೇ ಇರುತ್ತೇನೆ.