ಸೈಡ್‌ಕಾರ್ ಸಹಿತ ಮೋಟಾರು ಸೈಕಲ್ಲನ್ನು ವಿದ್ಯುತ್ ಚಾಲಿತ ವಾಹನವನ್ನಾಗಿ ಪರಿವರ್ತಿಸುವುದು: ಅರ್ಜಿದಾರರಿಗೆ ಮಾಹಿತಿ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಹಾಗೂ ಹಳೇಬೀಡು ಭಾಗದ ವಾಹನ ಮಾಲೀಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ತೆಂಗಿನಕಾಯಿ, ಹಾಲಿನ ಕ್ಯಾನು, ಸಂತೆಯ ಸಾಮಾನುಗಳನ್ನು ಸ್ವಂತ ಉಪಯೋಗಕ್ಕಾಗಿ ಕೊಂಡೊಯ್ಯಲು ಸೈಡ್‌ಕಾರ್ ಅನುಕೂಲಕರವಾಗಿದೆ. ಪೆಟ್ರೋಲ್ ವೆಚ್ಚವನ್ನು ಉಳಿಸುವ ಉದ್ದೇಶದಿಂದ ಇಂತಹ ವಾಹನಕ್ಕೆ ವಿದ್ಯುತ್ ಮೋಟಾರು ಮತ್ತು ಬ್ಯಾಟರಿ ಅಳವಡಿಸಲು ಇಚ್ಛಿಸುವವರು, ಕಿಟ್ ಖರೀದಿಸುವ ಮುನ್ನವೇ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು. ಅರ್ಹತೆ ಇಲ್ಲದ ವಾಹನಕ್ಕೆ ಅಥವಾ ಮಂಜೂರಾತಿ ಇಲ್ಲದ ಕಿಟ್‌ಗೆ ಹಣ ವ್ಯಯಿಸಿದಲ್ಲಿ, ತದನಂತರ ಅದನ್ನು ಸಕ್ರಮಗೊಳಿಸಲು ಅವಕಾಶವಿರುವುದಿಲ್ಲ.

1. ಕಾನೂನಿನ ಹಿನ್ನೆಲೆ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 2(27)ರ ಪ್ರಕಾರ, ಹೆಚ್ಚುವರಿ ಚಕ್ರವುಳ್ಳ, ಬೇರ್ಪಡಿಸಬಹುದಾದ ಸೈಡ್‌ಕಾರ್ ಜೋಡಿಸಲಾದ ದ್ವಿಚಕ್ರ ವಾಹನವೂ 'ಮೋಟಾರು ಸೈಕಲ್' ಎಂಬ ಪದದ ಅರ್ಥವ್ಯಾಪ್ತಿಗೆ ಒಳಪಡುತ್ತದೆ. ಮೂರು ಚಕ್ರಗಳಿವೆ ಎಂಬ ಕಾರಣಕ್ಕೆ ಅದು ಆಟೋರಿಕ್ಷಾ ವರ್ಗಕ್ಕೆ ಸೇರುವುದಿಲ್ಲ. ಆದಾಗ್ಯೂ, ನೋಂದಣಿ ದಾಖಲೆಗಳಲ್ಲಿ ಸೈಡ್‌ಕಾರ್ ಸಹಿತ ಮೋಟಾರು ಸೈಕಲ್‌ಗೆ ಪ್ರತ್ಯೇಕ ವಾಹನ ವರ್ಗವಿದೆ.

ಸದರಿ ಕಾಯ್ದೆಯ ಕಲಂ 52ರನ್ವಯ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವುದೇ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಬ್ಯಾಟರಿ, ಸಿ.ಎನ್.ಜಿ., ಎಲ್.ಪಿ.ಜಿ., ಸೌರಶಕ್ತಿ ಮುಂತಾದವುಗಳಿಂದ ವಾಹನ ಚಲಿಸುವಂತೆ ಪರಿವರ್ತನಾ ಕಿಟ್ ಅಳವಡಿಸಲು ಮಾತ್ರ, ನಿಯಮಗಳಲ್ಲಿ ವಿಧಿಸಿರುವ ಷರತ್ತುಗಳಿಗೆ ಒಳಪಟ್ಟು, ಅವಕಾಶ ಕಲ್ಪಿಸಲಾಗಿದೆ. ಪೂರ್ಣ ವಿದ್ಯುತ್ ಪರಿವರ್ತನೆಗೆ ಸಂಬಂಧಿಸಿದ ಷರತ್ತುಗಳನ್ನು 2016ರಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ಕ್ಕೆ ಸೇರಿಸಲಾಯಿತು. ಇದಕ್ಕೆ ಅನ್ವಯವಾಗುವ ತಾಂತ್ರಿಕ ಮಾನದಂಡ ಎಐಎಸ್-123 (ಭಾಗ 3) ಆಗಿರುತ್ತದೆ.

2. ಕಿಟ್ ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಮೂರು ಅಂಶಗಳು

(ಅ) ವಾಹನ ತಯಾರಾದ ದಿನಾಂಕ: ದಿನಾಂಕ 1-1-1990ರಂದು ಅಥವಾ ತದನಂತರ ತಯಾರಾದ ವಾಹನಗಳು ಮಾತ್ರ ಪೂರ್ಣ ವಿದ್ಯುತ್ ಪರಿವರ್ತನೆಗೆ ಅರ್ಹವಾಗಿರುತ್ತವೆ. ಸೈಡ್‌ಕಾರ್ ವಾಹನಗಳಿಗೆ ಇದು ಅತಿ ಮುಖ್ಯವಾದ ಷರತ್ತಾಗಿದೆ, ಏಕೆಂದರೆ ಇವುಗಳಲ್ಲಿ ಅನೇಕವು ಹಳೆಯ ವಾಹನಗಳು. ಉದಾಹರಣೆಗೆ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಮೋಟಾರು ಸೈಕಲ್‌ಗಳನ್ನು ತಯಾರಿಸಿತು. ಆ ಕಾರ್ಖಾನೆಯ 1960ರ ದಶಕದ ಜಾವಾ ವಾಹನವು ಪರಿವರ್ತನೆಗೆ ಅರ್ಹವಲ್ಲ; 1994ರಲ್ಲಿ ತಯಾರಾದ ಯೆಜ್ಡಿ ವಾಹನವು ಈ ಷರತ್ತಿನ ಮಟ್ಟಿಗೆ ಅರ್ಹವಾಗುತ್ತದೆ. ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ನೋಂದಣಿ ಪ್ರಮಾಣ ಪತ್ರದಿಂದ ಖಚಿತಪಡಿಸಿಕೊಳ್ಳತಕ್ಕದ್ದು. ನೋಂದಣಿಯಾದ ವರ್ಷವನ್ನು ತಯಾರಿಕೆಯ ವರ್ಷವೆಂದು ಭಾವಿಸಬಾರದು.

(ಆ) ನೋಂದಣಿ ದಾಖಲೆಯಲ್ಲಿ ಸೈಡ್‌ಕಾರ್ ನಮೂದು: ಸೈಡ್‌ಕಾರನ್ನು ಹಿಂದೆ ದಾಖಲೆಯಿಲ್ಲದೆ ಜೋಡಿಸಿದ್ದಲ್ಲಿ ಅದೇ ಒಂದು ಅನಧಿಕೃತ ಮಾರ್ಪಾಡಾಗುತ್ತದೆ. ಅದನ್ನು ಮೊದಲು ಇತ್ಯರ್ಥಪಡಿಸಿಕೊಳ್ಳದೆ ವಿದ್ಯುತ್ ಪರಿವರ್ತನೆಗೆ ಅರ್ಜಿ ಸಲ್ಲಿಸಿದರೆ, ಪರಿಶೀಲನೆಯ ವೇಳೆ ವಾಹನಕ್ಕೂ ದಾಖಲೆಗೂ ತಾಳೆಯಾಗುವುದಿಲ್ಲ.

(ಇ) ಕಿಟ್‌ಗೆ ಮಾದರಿ ಮಂಜೂರಾತಿ: ಪುಣೆಯ ಎ.ಆರ್.ಎ.ಐ., ಮಾನೇಸರದ ಐ.ಸಿ.ಎ.ಟಿ. ಮುಂತಾದ ಅಧಿಕೃತ ಪರೀಕ್ಷಾ ಸಂಸ್ಥೆಗಳು ನೀಡಿದ ಮಾದರಿ ಮಂಜೂರಾತಿ ಪ್ರಮಾಣ ಪತ್ರ ಕಿಟ್‌ಗೆ ಇರತಕ್ಕದ್ದು. ಆ ಪ್ರಮಾಣ ಪತ್ರದಲ್ಲಿ ಅರ್ಜಿದಾರರ ವಾಹನದ ಮಾದರಿಯು ಸೇರಿರಬೇಕು. ಒಂದು ಮಾದರಿಯ ಮೋಟಾರು ಸೈಕಲ್‌ಗಾಗಿ ಮಂಜೂರಾದ ಕಿಟ್ಟನ್ನು ಬೇರೆ ಮಾದರಿಗೆ ಅಥವಾ ಸೈಡ್‌ಕಾರ್‌ನ ಭಾರ ಹೊರುವ ವಾಹನಕ್ಕೆ ತಾನಾಗಿಯೇ ಅನ್ವಯಿಸಲಾಗುವುದಿಲ್ಲ. 'ಎಲ್ಲ ಬೈಕುಗಳಿಗೂ ಹೊಂದುತ್ತದೆ' ಎಂಬ ಮಾರಾಟಗಾರರ ಮಾತು ಮಂಜೂರಾತಿಗೆ ಸಮನಲ್ಲ. ಮಂಜೂರಾತಿ ಪ್ರಮಾಣ ಪತ್ರದ ಪ್ರತಿಯನ್ನು ಮುಂಗಡ ಹಣ ನೀಡುವ ಮೊದಲೇ ಕೇಳಿ ಪಡೆಯುವುದು ಸೂಕ್ತ.

ಈ ಮೂರು ಅಂಶಗಳಲ್ಲಿ ಯಾವುದಾದರೊಂದು ಪೂರೈಸದಿದ್ದಲ್ಲಿ ಕಿಟ್ ಖರೀದಿಸಬಾರದು.

3. ಅರ್ಜಿ ಸಲ್ಲಿಸುವ ವಿಧಾನ

ಮಾಲೀಕರು ವಾಸಿಸುವ ಸ್ಥಳವು ಯಾವ ನೋಂದಣಿ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆಯೋ ಆ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ಜಿಲ್ಲೆಯಲ್ಲಿ ಹಾಸನ (ಕೆಎ-13) ಮತ್ತು ಸಕಲೇಶಪುರದಲ್ಲಿ (ಕೆಎ-46) ಸಾರಿಗೆ ಕಚೇರಿಗಳಿವೆ. ವಾಹನವು ಬೇರೆ ಜಿಲ್ಲೆಯಲ್ಲಿ ನೋಂದಣಿಯಾಗಿದ್ದು ಮಾಲೀಕರ ವಾಸಸ್ಥಳ ಬದಲಾಗಿದ್ದಲ್ಲಿ, ಮೊದಲು ವಿಳಾಸ ಬದಲಾವಣೆಯನ್ನು ದಾಖಲಿಸಿಕೊಳ್ಳಬೇಕು.

ಕಿಟ್ ಅಳವಡಿಸುವ ಮುನ್ನವೇ ಕಚೇರಿಗೆ ಲಿಖಿತ ಅರ್ಜಿ ನೀಡಿ ಅನುಮತಿ ಪಡೆಯುವುದು ಅರ್ಜಿದಾರರ ಹಿತದೃಷ್ಟಿಯಿಂದ ಅಗತ್ಯ. ಕಿಟ್ ತಯಾರಕರು ಅಧಿಕೃತಗೊಳಿಸಿದ ಅಳವಡಿಕೆದಾರರಿಂದಲೇ ಕೆಲಸ ಮಾಡಿಸತಕ್ಕದ್ದು. ಮಾರ್ಪಾಡು ಆದ 14 ದಿನಗಳೊಳಗಾಗಿ ಅದನ್ನು ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಿಸಿಕೊಳ್ಳಬೇಕು.

ಅರ್ಜಿಯೊಂದಿಗೆ ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು:

- ಮೂಲ ನೋಂದಣಿ ಪ್ರಮಾಣ ಪತ್ರ
- ಚಾಲ್ತಿಯಲ್ಲಿರುವ ವಿಮಾ ಪತ್ರ
- ಕಿಟ್‌ನ ಮಾದರಿ ಮಂಜೂರಾತಿ ಪ್ರಮಾಣ ಪತ್ರದ ಪ್ರತಿ
- ಅಧಿಕೃತ ಅಳವಡಿಕೆದಾರರ ಪ್ರಮಾಣ ಪತ್ರ ಮತ್ತು ಖರೀದಿ ಬಿಲ್ಲು. ಇವುಗಳಲ್ಲಿ ಮೋಟಾರು ಹಾಗೂ ಬ್ಯಾಟರಿಯ ಕ್ರಮಸಂಖ್ಯೆ ಇರಬೇಕು
- ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆ
- ವಿಳಾಸ ಮತ್ತು ಗುರುತಿನ ದಾಖಲೆ

ಮೋಟಾರು ವಾಹನ ನಿರೀಕ್ಷಕರ ತಪಾಸಣೆಗೆ ವಾಹನವನ್ನು ಸೈಡ್‌ಕಾರ್ ಸಹಿತವಾಗಿಯೇ ಹಾಜರುಪಡಿಸತಕ್ಕದ್ದು.

4. ಪರಿವರ್ತನೆಯ ನಂತರ

(ಅ) ನೋಂದಣಿ ಪ್ರಮಾಣ ಪತ್ರದಲ್ಲಿ ಇಂಧನದ ವಿವರ ಬದಲಾದ ಮೇಲೆ, ಸ್ವಂತ ಉಪಯೋಗದ ವಾಹನಕ್ಕೆ ಹಸಿರು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳ ನಂಬರ್ ಪ್ಲೇಟ್ ಅಳವಡಿಸತಕ್ಕದ್ದು. ಈ ಪದ್ಧತಿಯು 2018ರಲ್ಲಿ ಜಾರಿಗೆ ಬಂದಿದೆ.

(ಆ) ಪರಿವರ್ತನೆಯಿಂದ ನೋಂದಣಿಯ ಅವಧಿ ತಾನಾಗಿ ವಿಸ್ತರಣೆಯಾಗುವುದಿಲ್ಲ. ಮೊದಲ 15 ವರ್ಷಗಳ ನಂತರದ ನವೀಕರಣಕ್ಕೆ ನಮೂನೆ 25ರಲ್ಲಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು. ಆಗಸ್ಟ್ 2021ರ ಅಧಿಸೂಚನೆಯಂತೆ ಬ್ಯಾಟರಿ ಚಾಲಿತ ವಾಹನಗಳಿಗೆ ನೋಂದಣಿ ಪ್ರಮಾಣ ಪತ್ರದ ನೀಡಿಕೆ ಹಾಗೂ ನವೀಕರಣ ಶುಲ್ಕದಿಂದ ವಿನಾಯಿತಿ ನೀಡಲಾಗಿದೆ.

(ಇ) ಮಾರ್ಪಾಡನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸತಕ್ಕದ್ದು. ತಿಳಿಸದಿದ್ದಲ್ಲಿ ಅಪಘಾತದ ಸಂದರ್ಭದಲ್ಲಿ ಪರಿಹಾರಕ್ಕೆ ತೊಡಕುಂಟಾಗಬಹುದು.

(ಈ) ಸೈಡ್‌ಕಾರ್‌ನಲ್ಲಿ ಕುಳಿತವರೂ ಹೆಲ್ಮೆಟ್ ಧರಿಸತಕ್ಕದ್ದು. ಕಲಂ 129 ಮೋಟಾರು ಸೈಕಲ್‌ನಲ್ಲಿ ಕೊಂಡೊಯ್ಯಲ್ಪಡುವ, ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ಅನ್ವಯಿಸುತ್ತದೆ.

(ಉ) ಸ್ವಂತ ಉಪಯೋಗಕ್ಕೆ ನೋಂದಣಿಯಾದ ವಾಹನದಲ್ಲಿ ಬೇಲೂರು, ಹಳೇಬೀಡು ದೇವಾಲಯಗಳಿಗೆ ಬರುವ ಪ್ರವಾಸಿಗರನ್ನು ಬಾಡಿಗೆಗೆ ಕರೆದೊಯ್ಯುವಂತಿಲ್ಲ.

5. ಸುರಕ್ಷತೆ

ನಮ್ಮ ದೇಶದಲ್ಲಿ ಸೈಡ್‌ಕಾರ್ ವಾಹನದ ಎಡಭಾಗದಲ್ಲಿರುತ್ತದೆ. ಆದ್ದರಿಂದ ವೇಗ ಹೆಚ್ಚಿಸುವಾಗ ವಾಹನವು ಎಡಕ್ಕೂ, ಹಿಂಬದಿ ಚಕ್ರಕ್ಕೆ ಬ್ರೇಕ್ ಬಿದ್ದಾಗ ಬಲಕ್ಕೂ ಎಳೆಯುತ್ತದೆ. ಕೆಲವು ವಿದ್ಯುತ್ ಕಿಟ್‌ಗಳಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಮೋಟಾರೇ ಚಕ್ರವನ್ನು ತಡೆದು ಬ್ಯಾಟರಿಗೆ ವಿದ್ಯುತ್ ಹಿಂತಿರುಗಿಸುವ ವ್ಯವಸ್ಥೆ ಇರುತ್ತದೆ. ಸೈಡ್‌ಕಾರ್ ವಾಹನದಲ್ಲಿ ಈ ತಡೆ ಬಲವಾಗಿದ್ದರೆ, ಸವಾರರು ಬ್ರೇಕ್ ಒತ್ತದಿದ್ದರೂ ವಾಹನವು ಬಲಕ್ಕೆ, ಅಂದರೆ ಎದುರಿನಿಂದ ಬರುವ ವಾಹನಗಳ ಕಡೆಗೆ, ವಾಲುತ್ತದೆ. ಈ ಬಗ್ಗೆ ಅಳವಡಿಕೆದಾರರೊಂದಿಗೆ ಚರ್ಚಿಸಿ, ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿದ ನಂತರವೇ ರಸ್ತೆಗೆ ಇಳಿಸುವುದು ಅಗತ್ಯ.

ಬ್ಯಾಟರಿಯನ್ನು ಮಂಜೂರಾದ ನಕ್ಷೆಯಲ್ಲಿ ತೋರಿಸಿದ ಸ್ಥಳದಲ್ಲಿಯೇ ಇರಿಸಬೇಕು. ಜಾಗವಿದೆಯೆಂದು ಅದನ್ನು ಸೈಡ್‌ಕಾರ್‌ಗೆ ಸ್ಥಳಾಂತರಿಸಬಾರದು.

6. ಬ್ಯಾಟರಿ ಮತ್ತು ಪ್ರಯಾಣದ ದೂರ

ಮೂರನೆಯ ಚಕ್ರ, ಹೆಚ್ಚುವರಿ ಭಾರ ಹಾಗೂ ಗಾಳಿಯ ತಡೆಯ ಕಾರಣ ಸೈಡ್‌ಕಾರ್ ವಾಹನವು ಒಂಟಿ ಮೋಟಾರು ಸೈಕಲ್‌ಗಿಂತ ಹೆಚ್ಚು ವಿದ್ಯುತ್ ಬಳಸುತ್ತದೆ. ಉದಾಹರಣೆಗೆ, 72 ವೋಲ್ಟ್, 40 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 2.88 ಯೂನಿಟ್ ವಿದ್ಯುತ್ ಸಂಗ್ರಹವಾಗುತ್ತದೆ. ಪ್ರತಿ ಕಿಲೋಮೀಟರಿಗೆ 60 ವ್ಯಾಟ್-ಅವರ್ ಬಳಕೆ ಎಂದು ಭಾವಿಸಿದಲ್ಲಿ, ಬೇಲೂರಿನಿಂದ 16 ಕಿ.ಮೀ. ದೂರದ ಹಳೇಬೀಡಿಗೆ ಹೋಗಿ ಬರಲು 1.92 ಯೂನಿಟ್ ಸಾಕು. ಅರಸೀಕೆರೆಯಿಂದ ಹಾಸನಕ್ಕೆ ಹೋಗಿ ಬರುವ ಸುಮಾರು 90 ಕಿ.ಮೀ. ಪ್ರಯಾಣಕ್ಕೆ 5.4 ಯೂನಿಟ್ ಬೇಕಾಗುವುದರಿಂದ ಅದೇ ಬ್ಯಾಟರಿ ಸಾಲದು. ಮಾರಾಟಗಾರರು ತಿಳಿಸುವ ದೂರವು ಸೈಡ್‌ಕಾರ್ ಸಹಿತವೇ ಅಥವಾ ರಹಿತವೇ ಎಂಬುದನ್ನು ಕೇಳಿ ತಿಳಿಯಬೇಕು.

ಮನೆಯ ವಿದ್ಯುತ್ ಸಂಪರ್ಕದಿಂದ ಚಾರ್ಜ್ ಮಾಡಬಹುದು. ಕೃಷಿ ಪಂಪ್‌ಸೆಟ್ ಸಂಪರ್ಕದಿಂದ ಚಾರ್ಜ್ ಮಾಡುವುದು, ಮಂಜೂರಾದ ಉದ್ದೇಶಕ್ಕಿಂತ ಬೇರೆ ಉದ್ದೇಶದ ಬಳಕೆಯಾದ್ದರಿಂದ, ವಿದ್ಯುಚ್ಛಕ್ತಿ ಕಾಯ್ದೆ, 2003ರ ಕಲಂ 126ರ ಕ್ರಮಕ್ಕೆ ಗುರಿಯಾಗುತ್ತದೆ. ಹಳೆಯ ಬ್ಯಾಟರಿಯನ್ನು ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ಅಧಿಕೃತ ಸಂಗ್ರಹಣೆದಾರರಿಗೆ ಒಪ್ಪಿಸತಕ್ಕದ್ದು. ಮನೆಯ ಕಸದೊಂದಿಗೆ ಹಾಕಬಾರದು.

7. ಅರ್ಹತೆ ಇಲ್ಲದ ಹಳೆಯ ವಾಹನಗಳ ಮಾಲೀಕರಿಗೆ

1990ಕ್ಕೆ ಮುಂಚಿನ ವಾಹನವನ್ನು ಅದರ ಮೂಲ ಎಂಜಿನ್‌ನೊಂದಿಗೆ, ನೋಂದಣಿ ನವೀಕರಿಸಿಕೊಂಡು ಉಪಯೋಗಿಸಬಹುದು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ವಾಹನಗಳಿಗೆ 2021ರ ನಿಯಮಗಳಂತೆ 'ವಿಂಟೇಜ್' ನೋಂದಣಿಯ ಅವಕಾಶವೂ ಇದೆ. ಆದರೆ ವಾಹನವು ಮೂಲ ಸ್ವರೂಪದಲ್ಲಿರಬೇಕು. ಎಂಜಿನ್, ಛಾಸಿ ಅಥವಾ ಬಾಡಿಯಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಎಂಜಿನ್ ತೆಗೆದು ಮೋಟಾರು ಅಳವಡಿಸಿದಲ್ಲಿ ಈ ಅವಕಾಶವೂ ಕೈತಪ್ಪುತ್ತದೆ. ವಿಂಟೇಜ್ ನೋಂದಣಿಯ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಯಲ್ಲಿ ಓಡಿಸಬಹುದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವೆಂಬುದನ್ನೂ ಗಮನಿಸತಕ್ಕದ್ದು.

8. ಉಲ್ಲಂಘನೆಗೆ ದಂಡ

ಅನುಮತಿಸದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ, ಕಲಂ 182-ಎ(4)ರ ಪ್ರಕಾರ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಆದುದರಿಂದ ವಾಹನ ಮಾಲೀಕರು ಮೊದಲು ನೋಂದಣಿ ಪ್ರಮಾಣ ಪತ್ರದೊಂದಿಗೆ ಸಂಬಂಧಿಸಿದ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಖುದ್ದಾಗಿ ಸಂಪರ್ಕಿಸಿ, ತಮ್ಮ ವಾಹನದ ಅರ್ಹತೆಯನ್ನು ಖಚಿತಪಡಿಸಿಕೊಂಡು, ತದನಂತರವೇ ಕಿಟ್ ಖರೀದಿಗೆ ಮುಂದಾಗುವಂತೆ ಕೋರಲಾಗಿದೆ.