ಮರಡಿಹಳ್ಳಿಯ ದಿಂಬು ಲಾವಾ: ಬಯಲುಸೀಮೆಯಲ್ಲಿ ಕಡಲಿತ್ತೇ?

ಚಿತ್ರದುರ್ಗ ಜಿಲ್ಲೆಯ ಈ ಒಣನೆಲ ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಇತ್ತು. ಅದಕ್ಕೆ ಸಾಕ್ಷಿ ನಿಮ್ಮ ಮುಂದಿರುವ ಬಂಡೆಯೇ.

ಹೇಗೆ ರೂಪುಗೊಂಡಿತು?

ನೀರಿನ ತಳದ ಬಿರುಕುಗಳಿಂದ 1,000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಾದ ಲಾವಾರಸ ಉಕ್ಕಿತು. ತಣ್ಣೀರು ತಾಗಿದೊಡನೆ ಅದರ ಹೊರಮೈ ಗಟ್ಟಿ ಸಿಪ್ಪೆಯಾಯಿತು. ಒಳಗಿನ ರಸ ಮಾತ್ರ ಹರಿಯುತ್ತಲೇ ಇತ್ತು. ಒತ್ತಡಕ್ಕೆ ಸಿಪ್ಪೆ ಬಿರಿದು ರಸ ಹೊರಬಂತು, ಅದಕ್ಕೂ ಸಿಪ್ಪೆ ಕಟ್ಟಿತು. ಹೀಗೆ ಒಂದರ ಮೇಲೊಂದು ದಿಂಬು ಪೇರಿಸಿಟ್ಟಂತೆ ಉಂಡೆಗಳು ಕೂಡಿಕೊಂಡವು. ಹವಾಯಿ ದ್ವೀಪದ ಕರಾವಳಿಯಲ್ಲಿ ನೀರಿನಡಿ ಇಂಥ ದಿಂಬುಗಳು ಮೂಡುವುದನ್ನು ಮುಳುಗುಗಾರರು ಚಿತ್ರೀಕರಿಸಿದ್ದಾರೆ.

ಹತ್ತಿರದಿಂದ ನೋಡಿ

• ಅಂಚು: ಬೇಗ ತಣಿದದ್ದರಿಂದ ಇಲ್ಲಿನ ಕಣಗಳು ತೀರಾ ಸಣ್ಣವು, ನಿಧಾನವಾಗಿ ತಣಿದ ನಡುಭಾಗದಲ್ಲಿ ತುಸು ದೊಡ್ಡವು.

• ಆಕಾರ: ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಅಡಿಯ ಎರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಶಿಲಾಪದರಗಳು ವಾಲಿದ್ದರೂ ಮಗುಚಿದ್ದರೂ ಮೂಲದಲ್ಲಿ ಮೇಲ್ಮುಖ ಯಾವುದಿತ್ತೆಂದು ಭೂವಿಜ್ಞಾನಿಗಳು ಇದರಿಂದ ಗುರುತಿಸುತ್ತಾರೆ.

• ಬಣ್ಣ: ಮುಂದೆ ಭೂಗರ್ಭದ ಶಾಖ, ಒತ್ತಡಗಳಿಗೆ ಸಿಕ್ಕಿ ಲಾವಾದಲ್ಲಿದ್ದ ಖನಿಜಗಳು ಕ್ಲೋರೈಟ್‌ನಂಥ ಹಸಿರು ಖನಿಜಗಳಾಗಿ ಮಾರ್ಪಟ್ಟವು. ಕಲ್ಲಿನ ಹಸಿರು ಛಾಯೆಗೆ ಇದೇ ಕಾರಣ.

ವಿನಂತಿ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬಂಡೆಯ ಮೇಲೆ ಹೆಸರು ಕೆತ್ತಬೇಡಿ. ನೆನಪಿಗೆಂದು ಒಂದು ಚೂರನ್ನೂ ಒಡೆದೊಯ್ಯಬೇಡಿ.